ಐದು ದಿನದೊಳಗೆ ಬೆಳೆಯದ ಶಿಲೀಂಧ್ರದ ಬಗ್ಗೆ

ಬೆನ್ನುಮೂಳೆ ವಿಭಾಗದ ಕಚೇರಿ, ಪುಣೆ
(ಕನ್ನಡ ಬಲ್ಲ ಸಿಬ್ಬಂದಿ ಹಾಗೂ ರೋಗಿಗಳಿಗಾಗಿ)

ಸಂಖ್ಯೆ: ಬೆಮೂವಿ/ಬೂಷ್ಟು/19/2025
ದಿನಾಂಕ: 27-11-2025

ವಿಷಯ: ಬೆನ್ನುಮೂಳೆ ಜೋಡಣೆಯಾದ ರೋಗಿಯಲ್ಲಿ, ಫೈಲು ಮುಚ್ಚಿದ ನಂತರ ಶಿಲೀಂಧ್ರ ಕಾಣಿಸಿಕೊಂಡಿರುವ ಕುರಿತು.

ಉಲ್ಲೇಖ: 1) ಪ್ರಯೋಗಾಲಯದ ತಟ್ಟೆಯ ವರದಿ: “ಬೆಳವಣಿಗೆ ಇಲ್ಲ.” 2) ಅದೇ ತಟ್ಟೆಯ ಇನ್ನೊಂದು ವರದಿ: “ಬೆಳವಣಿಗೆ ಇದೆ.” 3) ರೋಗಿಯ ಮೌಖಿಕ ಹೇಳಿಕೆ.

ನಗರದ ಕ್ಯಾಂಪ್ ಬಡಾವಣೆಯಲ್ಲಿ ಹೋಟೆಲು ನಡೆಸುವ ಶ್ರೀ ಮೋಹನದಾಸ್ ಅವರ ಬೆನ್ನುಮೂಳೆಯ ಎರಡು ಮಣಿಗಳನ್ನು ಡಾ. ಮಧ್ವೇಶ ಅವರು ನಾಲ್ಕು ಸ್ಕ್ರೂ ಹಾಕಿ ಜೋಡಿಸಿದ್ದು, ಮೂರನೇ ತಿಂಗಳಿಗೆ ನೋವು ಮರಳಿ ಜ್ವರವೂ ಬಂದಿರುತ್ತದೆ. ಸ್ಕ್ರೂ ಬಳಿಯಿಂದ ತೆಗೆದ ಅಂಗಾಂಶದ ಚೂರನ್ನು, ಸೋಂಕಿದ್ದರೆ ಬೆಳೆದು ಕಾಣಲೆಂದು, ಪ್ರಯೋಗಾಲಯದ ತಟ್ಟೆಯಲ್ಲಿ ಇಡಲಾಗಿತ್ತು. ಐದನೇ ದಿನದವರೆಗೆ ಏನೂ ಬೆಳೆಯದ ಕಾರಣ, ನಿಯಮದಂತೆ, ಸೋಂಕಿಲ್ಲವೆಂದು ಫೈಲು ಮುಚ್ಚಲಾಯಿತು. ತಟ್ಟೆಯನ್ನು ಎಸೆಯಬೇಕಿದ್ದ ತಂತ್ರಜ್ಞೆ ಕು. ಇಂದೂ ಅವರು ಎಸೆಯಲಿಲ್ಲ. ಹತ್ತೊಂಬತ್ತನೇ ದಿನ ಅದರಲ್ಲಿ ಬೂಷ್ಟು ಕಂಡಿದೆ. ಔಷಧ ತಡವಾದರೆ ಸ್ಕ್ರೂಗಳು ಸಡಿಲಗೊಂಡು ರೋಗಿ ಮತ್ತೆ ಎದ್ದು ನಿಲ್ಲುವುದು ಕಷ್ಟವೆಂದು ವೈದ್ಯರು ಬರೆದಿದ್ದಾರೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಐದು ದಿನದೊಳಗೆ ಬೆಳೆಯದ ಶಿಲೀಂಧ್ರವು ವಿಳಂಬಕ್ಕೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ, ಅದು ರೋಗಿಯ ವಿಳಾಸದಲ್ಲೇ ವಾಸವಿರುವುದರಿಂದ, ಅದರ ಪರವಾಗಿ ರೋಗಿಯೇ ನೀಡತಕ್ಕದ್ದು.

2. ಮೊದಲ ವರದಿಗೆ ಮೂವರ ಸಹಿ ಬಿದ್ದಿರುವುದರಿಂದ ಅದನ್ನು ರದ್ದುಪಡಿಸಲು ಅವಕಾಶವಿರುವುದಿಲ್ಲ. ಎರಡೂ ವರದಿಗಳನ್ನು ನಿಜವೆಂದು ಪರಿಗಣಿಸಿ, ನಗರದ ರಸ್ತೆಬದಿಯ ವಾಹನ ನಿಲುಗಡೆಯ ಪದ್ಧತಿಯಂತೆ, ರೋಗಿಯು ಸಮ ದಿನಾಂಕಗಳಲ್ಲಿ ಸೋಂಕಿತರೆಂದೂ ಬೆಸ ದಿನಾಂಕಗಳಲ್ಲಿ ಗುಣಮುಖರೆಂದೂ ಘೋಷಿಸಲಾಗಿದೆ. ತಿಂಗಳ 31 ಮತ್ತು ಮರುದಿನ 1, ಎರಡೂ ಬೆಸವಾಗಿರುವುದರಿಂದ, ಆ ಎರಡು ದಿನ ರೋಗಿಯು ಮನೆಗೆ ಹೋಗಿಬರಬಹುದು.

3. ಬೆಸ ದಿನಾಂಕದ ನೋವನ್ನು ಶಸ್ತ್ರಚಿಕಿತ್ಸೆಗೆ ಮುಂಚಿನ ನೋವೆಂದು ತಿಳಿಯತಕ್ಕದ್ದು.

4. “ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಬೆಳಿಗ್ಗೆಗೆ ಉಬ್ಬಲಿಲ್ಲಾಂತ ಚೆಲ್ಲುದುಂಟಾ ಮಾರಾಯ್ರೆ? ಇನ್ನು ಸ್ವಲ್ಪ ಹೊತ್ತು ಮುಚ್ಚಿಡುದು” ಎಂದು ರೋಗಿಯು ಹೇಳಿಕೆ ನೀಡಿರುತ್ತಾರೆ. ಹೋಟೆಲು ಮಾನ್ಯತೆ ಪಡೆದ ಪ್ರಯೋಗಾಲಯವಲ್ಲದ ಕಾರಣ ಹೇಳಿಕೆಯನ್ನು ಒಪ್ಪಲಾಗುವುದಿಲ್ಲ. ಆದರೂ ಐವರ ಸಮಿತಿಯೊಂದು ಸ್ಥಳಕ್ಕೆ ಹೋಗಿ ಇಡ್ಲಿಯನ್ನು ಪರಿಶೀಲಿಸತಕ್ಕದ್ದು. ಚಟ್ನಿಗೆ ಪ್ರತ್ಯೇಕ ಉಪಸಮಿತಿ ಇರುತ್ತದೆ.

5. ತಟ್ಟೆಯನ್ನು ಏಕೆ ಎಸೆಯಲಿಲ್ಲವೆಂಬ ನೋಟೀಸಿಗೆ ಕು. ಇಂದೂ ಅವರು, “ಅದು ಸುಮ್ಮನ ಕೂತಿತ್ರಿ ಸರ. ಸುಮ್ಮನ ಕೂತದ್ದನ್ನ ಇಲ್ಲೇ ಇಲ್ಲಂತ ಹೆಂಗ ಬರೀಲ್ರಿ?” ಎಂದು ಉತ್ತರಿಸಿದ್ದಾರೆ. ಉತ್ತರವು ಪ್ರಶ್ನೆಯ ರೂಪದಲ್ಲಿರುವುದರಿಂದ ತಿರಸ್ಕರಿಸಲಾಗಿದೆ.

6. ಸಮಿತಿಯ ವರದಿ ಬರುವವರೆಗೆ ಶಿಲೀಂಧ್ರವು ಇದ್ದಲ್ಲೇ, ಇದ್ದಷ್ಟೇ ಇರತಕ್ಕದ್ದೆಂದೂ, ಔಷಧವನ್ನು ಅಲ್ಲಿಯವರೆಗೆ ತಡೆಹಿಡಿಯತಕ್ಕದ್ದೆಂದೂ ಈ ಮೂಲಕ ಸೂಚಿಸಲಾಗಿದೆ.

ಸಹಿ/-
ಅಧೀಕ್ಷಕರು (ಪ್ರಭಾರ)
ಬೆನ್ನುಮೂಳೆ ವಿಭಾಗ

ಪ್ರತಿಗಳು:
1. ಔಷಧ ಉಗ್ರಾಣ: ಏನೂ ಮಾಡದಿರುವ ಸೂಕ್ತ ಕ್ರಮಕ್ಕಾಗಿ.
2. ಶಿಲೀಂಧ್ರ, ಶ್ರೀ ಮೋಹನದಾಸ್ ಅವರ ಮೂಲಕ: ಸ್ವೀಕೃತಿಯ ನಿರೀಕ್ಷೆಯಲ್ಲಿ.
3. ಕು. ಇಂದೂ: ಎಸೆಯದೆ ಇಟ್ಟಿರುವ ಇನ್ನುಳಿದ ತಟ್ಟೆಗಳ ಪಟ್ಟಿ ಕೋರಿ.
4. ಡಾ. ಮಧ್ವೇಶ: ರೋಗಿಗೆ ಇವರು ನಿನ್ನೆಯಿಂದಲೇ ಔಷಧ ಆರಂಭಿಸಿರುವುದೂ, ರೋಗಿಯ ಜ್ವರ ಇಂದು ಇಳಿದಿರುವುದೂ ಈ ಕಚೇರಿಗೆ ತಿಳಿದಿರುವುದಿಲ್ಲ ಎಂಬ ವಿಷಯವನ್ನು ಇವರ ಗಮನಕ್ಕೆ ತರುತ್ತಾ.