ನೂರ ಅರವತ್ತಮೂರು ಮಿಲಿಮೀಟರ್

"ಈ ಮನೆಗೆ ಇನ್ನು ಬರೋದು ಒಂದೇ ಬೈಕು. ಅದು ಇನ್ನೂ ಹುಟ್ಟಿಲ್ಲ. ಹುಟ್ಟೋ ತನಕ ಕಾಯ್ತೀನಿ" ಎಂದು ಕಾಸ್ಪರ್ ಮೋಸ್‌ಬ್ರುಗರ್ ಅಡುಗೆಮನೆಯ ಮೇಜಿನ ಮುಂದೆ ಘೋಷಿಸಿ ಮೂರು ವರ್ಷವಾಗಿತ್ತು. ಘೋಷಣೆಯ ಮರುದಿನವೇ ಅವನು ಆರು ವರ್ಷ ತುಳಿದಿದ್ದ ತನ್ನ ಬ್ಯಾಟರಿ ಬೈಕನ್ನು, ಅಂದರೆ ಪೆಡಲ್ಲಿಗೆ ಮೋಟಾರಿನ ನೆರವಿರುವ ಬೆಟ್ಟದ ಸೈಕಲ್ಲನ್ನು, ಊರಿನ ಬೈಕು ಅಂಗಡಿಯ ಆರ್ಮಿನ್‌ಗೆ ಮಾರಿ ಬಂದಿದ್ದ.

ಹಳೆಯ ಬೈಕಿನ ಮೇಲೆ ಅವನಿಗಿದ್ದ ದೂರು ಒಂದೇ. ಅದರ ಟ್ರಾವೆಲ್ ನೂರೈವತ್ತು ಮಿಲಿಮೀಟರ್. ಟ್ರಾವೆಲ್ ಎಂದರೆ ಚಕ್ರ ಕಲ್ಲಿಗೆ ಗುದ್ದಿದಾಗ ಸಸ್ಪೆನ್ಷನ್ ಎಷ್ಟು ಕುಗ್ಗಿ ಪೆಟ್ಟನ್ನು ನುಂಗಬಲ್ಲದು ಎಂಬ ಲೆಕ್ಕ. ಆಸ್ಟ್ರಿಯಾದ ಬೆಟ್ಟಸೀಮೆ ಬ್ರೆಗೆನ್ಸರ್‌ವಾಲ್ಡ್‌ನ ಗಂಡಸರು ಹವಾಮಾನದ ಮಾತು ಮುಗಿಸಿದ ಮೇಲೆ ಆಡುವುದು ಇದೇ ಮಾತು. ನೂರೈವತ್ತಿದ್ದರೆ ಬೆಟ್ಟ ಹತ್ತುವುದು ಹಗುರ, ನೂರೆಪ್ಪತ್ತಿದ್ದರೆ ಇಳಿಯುವುದು ಮೆತ್ತಗೆ. ಕಾಸ್ಪರ್‌ಗೆ ಎರಡೂ ಬೇಕಿತ್ತು. ಎರಡನ್ನೂ ಕೊಡುವ ಬೈಕು ಬರುವ ವಸಂತಕ್ಕೆ ಬರುತ್ತದೆಂದು ಪ್ರತಿ ಚಳಿಗಾಲವೂ ಸುದ್ದಿಯಾಗುತ್ತಿತ್ತು. ವಸಂತ ಮಾತ್ರ ಬರುತ್ತಿತ್ತು.

ಕಾಸ್ಪರ್ ಸರ್ವೇಯರ್. ಬೇಲಿ ನಾಲ್ಕು ಬೆರಳು ಆಚೆ ಸರಿದಿದೆಯೇ ಇಲ್ಲವೇ ಎಂದು ಅಳೆದು ಜಗಳ ಬಿಡಿಸುವುದು ಅವನ ಉದ್ಯೋಗ. ಈ ವಿದ್ಯೆಯನ್ನೇ ಅವನು ಇಂಟರ್‌ನೆಟ್ಟಿನ ಬೈಕು ವೇದಿಕೆಯೊಂದಕ್ಕೂ ಧಾರೆ ಎರೆದಿದ್ದ. ಕಂಪನಿಗಳು ಹೊಸ ಬೈಕನ್ನು ಗುಟ್ಟಾಗಿ ಬೆಟ್ಟದಲ್ಲಿ ಓಡಿಸಿ ನೋಡುವಾಗ ಹೆಸರಿನ ಮೇಲೆ ಕಪ್ಪು ಟೇಪು ಸುತ್ತಿ, ಮೋಟಾರಿಗೆ ಬಟ್ಟೆ ಹೊದಿಸುತ್ತವೆ. ದಾರಿಹೋಕರು ಅದರ ಮಸುಕು ಫೋಟೋ ತೆಗೆದು ವೇದಿಕೆಗೆ ಹಾಕುತ್ತಾರೆ. ಕಾಸ್ಪರ್ ಫೋಟೋದಲ್ಲಿನ ಚಕ್ರವನ್ನೇ ಅಳತೆಗೋಲು ಮಾಡಿಕೊಂಡು ಉಳಿದದ್ದನ್ನೆಲ್ಲ ಅಳೆದು ತೀರ್ಪು ಕೊಡುತ್ತಿದ್ದ. ಅವನ ತೀರ್ಪಿಗೆ ನಾಲ್ಕು ಸಾವಿರ ಜನ ಕಾದು ಕೂರುತ್ತಿದ್ದರು.

ಕಾಯದೆ ಇದ್ದವಳು ಅವನ ಹೆಂಡತಿ ರೋಸ್ವಿತಾ ಒಬ್ಬಳೇ. ಇಬ್ಬರೂ ಮದುವೆಯ ಮಾತಾಡಿಕೊಂಡದ್ದು ಹಿಂಟರೆಕ್ ಬೆಟ್ಟದ ಮೇಲೆ ಬೇಸಿಗೆಯಲ್ಲಿ ದನ ಮೇಯಿಸುವವರು ನಡೆಸುವ ಊಟದ ಗುಡಿಸಲಿನ ಜಗಲಿಯಲ್ಲಿ, ಒಂದು ಸೆಪ್ಟೆಂಬರಿನ ಮೊದಲ ಭಾನುವಾರ. ಅಂದಿನಿಂದ ಪ್ರತಿ ವರ್ಷ ಆ ದಿನ, ದನಗಳು ಬೆಟ್ಟ ಇಳಿಯುವ ಮೊದಲು, ಇಬ್ಬರೂ ಸೈಕಲ್ಲಿನಲ್ಲಿ ಅಲ್ಲಿಗೆ ಹೋಗಿ ಒಂದೇ ಬಾಣಲೆಯಿಂದ ಚೀಸ್ ಹಾಕಿದ ಹಿಟ್ಟಿನುಂಡೆ ತಿಂದು ಬರುತ್ತಿದ್ದರು. ಬೈಕು ಮಾರಿದ ಮೇಲೆ ಎರಡು ಸಲ ಅವಳು ತನ್ನ ಹಳೆಯ ಸಾದಾ ಸೈಕಲ್ಲನ್ನು ಏದುಸಿರು ಬಿಡುತ್ತ ತುಳಿದು ಒಬ್ಬಳೇ ಹೋಗಿದ್ದಳು. ಈ ಸಲದ್ದು ಇಪ್ಪತ್ತೈದನೆಯ ವರ್ಷ.

"ನೀನು ಬಂದ್ರೂ ಹೋಗ್ತೀನಿ, ಬರದಿದ್ರೂ ಹೋಗ್ತೀನಿ" ಎಂದು ಅವಳು ಮಾರ್ಚಿನಲ್ಲೇ ಹೇಳಿದ್ದಳು. "ಆದ್ರೆ ಬರದಿದ್ರೆ, ಮುಂದಿನ ವರ್ಷದಿಂದ ಕರೆಯೋದಿಲ್ಲ."

ಬೈಕು ಜೂನ್‌ನಲ್ಲಿ ಬಂದೇ ಬರುತ್ತದೆಂದು ಕಾಸ್ಪರ್ ಮಾತು ಕೊಟ್ಟ. ಜೂನ್‌ನಲ್ಲಿ ಬಂದದ್ದು ಆಗಸ್ಟಿನಲ್ಲಿ ಬರುತ್ತದೆ ಎಂಬ ಸುದ್ದಿ.

ಆಗಸ್ಟಿನ ಕೊನೆಯಲ್ಲಿ ವೇದಿಕೆಗೆ ಒಂದು ಫೋಟೋ ಬಿತ್ತು. ಬೈಕಿನ ಮೈತುಂಬ ಕಪ್ಪು ಟೇಪು. ಮೋಟಾರಿನ ಮೇಲೆ ಚೌಕಳಿ ಬಟ್ಟೆ. ಓಡಿಸುವವರ ಒಂದು ಮೊಣಕೈ ಮಾತ್ರ ಕಾಣುತ್ತಿತ್ತು. ಹಿಂದೆ ಕಲ್ಲಿನ ನೀರಿನ ತೊಟ್ಟಿ. ಆ ತೊಟ್ಟಿಯನ್ನು ಕಾಸ್ಪರ್ ಒಂದು ನೋಟಕ್ಕೆ ಗುರುತಿಸಿದ. ಅದು ಅವನದೇ ಊರಿನ ಚೀಸ್ ಡೈರಿಯ ಹಿತ್ತಲಿನದು! ರೋಸ್ವಿತಾ ಕೆಲಸ ಮಾಡುವ ಡೈರಿ. ಜಗತ್ತು ಮೂರು ವರ್ಷದಿಂದ ಕಾಯುತ್ತಿದ್ದ ಬೈಕು ತನ್ನ ಮನೆಯಿಂದ ಆರುನೂರು ಮೀಟರ್ ದೂರದಲ್ಲಿ ನೀರು ಕುಡಿಯಲು ನಿಂತಿತ್ತು.

ಅವನು ಎರಡು ದಿನ ಕಚೇರಿಗೆ ರಜೆ ಹಾಕಿ ಅಳೆದ. ನೂರೈವತ್ತಲ್ಲ, ನೂರೆಪ್ಪತ್ತೂ ಅಲ್ಲ. ನೂರ ಅರವತ್ತಮೂರು. ಈವರೆಗೆ ಯಾರೂ ಯೋಚಿಸದ ಸಂಖ್ಯೆ. ಮೂರು ಪುಟದ ಲೇಖನ ಬರೆದ. ಚೌಕಳಿ ಬಟ್ಟೆ ಕಣ್ಣಿಗೆ ಮೋಸ ಮಾಡಲೆಂದೇ ತಯಾರಾದದ್ದು ಎಂದು ವಿವರಿಸಿದ. "ಇಂಥ ಚೌಕಟ್ಟನ್ನು ನಾನು ಜೀವಮಾನದಲ್ಲಿ ಕಂಡಿಲ್ಲ" ಎಂದು ಮುಗಿಸಿದ. ಸಂಜೆಯೊಳಗೆ ಸುದ್ದಿ ಜರ್ಮನಿ, ಇಟಲಿ ದಾಟಿತ್ತು.

ಊಟದ ಹೊತ್ತಿನಲ್ಲಿ ಇದನ್ನೆಲ್ಲ ಕೇಳಿದ ರೋಸ್ವಿತಾ ಸೂಪಿನ ಚಮಚ ಕೆಳಗಿಟ್ಟಳು.

"ನೂರ ಅರವತ್ತಮೂರೇ ಅಂತ ಗ್ಯಾರಂಟಿನಾ?"

"ಒಂದು ಮಿಲಿಮೀಟರ್ ಆಚೀಚೆ ಇಲ್ಲ."

"ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಇದ್ರೆ?"

"ಕಂಪನಿಯವರು ಗಾಳಿ ಇಲ್ಲದ ಬೈಕು ಓಡಿಸ್ತಾರೇನೇ?" ಎಂದು ಕಾಸ್ಪರ್ ಕನಿಕರದಿಂದ ನಕ್ಕ. ಅವಳು ಮತ್ತೆ ಚಮಚ ಎತ್ತಿಕೊಂಡಳು.

ವೇದಿಕೆಯಲ್ಲಿ ಇನ್ನೊಂದು ಲೆಕ್ಕ ಶುರುವಾಯಿತು. ಅಂಥ ಬೈಕನ್ನು ಪರೀಕ್ಷಿಸಲು ಆ ಕಣಿವೆಯಲ್ಲಿ ತಕ್ಕ ದಾರಿ ಹಿಂಟರೆಕ್ ಒಂದೇ, ದಿನ ಭಾನುವಾರವೇ ಇರಬೇಕು ಎಂದು ಕಾಸ್ಪರ್ ಸಾಧಿಸಿ ತೋರಿಸಿದ. ಅದು ಸೆಪ್ಟೆಂಬರಿನ ಮೊದಲ ಭಾನುವಾರ ಎಂಬುದು ಅವನ ಗಮನಕ್ಕೆ ಬಂದದ್ದು ಅಂದು ಬೆಳಿಗ್ಗೆ, ಬೂಟಿನ ಲೇಸು ಕಟ್ಟುವಾಗ. ರೋಸ್ವಿತಾ ಆಗಲೇ ಹೊರಟುಹೋಗಿದ್ದಳು. ಮೇಲೆ ಹೇಗೂ ಸಿಗುತ್ತಾಳೆ, ಎರಡು ಕೆಲಸ ಒಂದೇ ಸಲಕ್ಕೆ ಆಯಿತೆಂದು ಸಮಾಧಾನ ಮಾಡಿಕೊಂಡು ಅವನು ಕಾಲುದಾರಿ ಹಿಡಿದ.

ಕಾಲುದಾರಿ ಕಡಿದು, ಆದರೆ ಚಿಕ್ಕದು. ಅವನು ಮುಟ್ಟಿದಾಗ ಅವಳಿನ್ನೂ ಬಂದಿರಲಿಲ್ಲ. ಗುಡಿಸಲಿನ ಎದುರು ಹದಿನೇಳು ಜನ ಕ್ಯಾಮೆರಾ ಹಿಡಿದು ಕಾಯುತ್ತಿದ್ದರು. ಇಬ್ಬರು ಹಾಲೆಂಡಿನಿಂದ ಬಂದವರು. ಅಳತೆಯ ಮೋಸ್‌ಬ್ರುಗರ್ ಇವನೇ ಎಂದು ತಿಳಿದು ಅವರು ಎದ್ದು ಕೈಕುಲುಕಿದರು. ಕಾಸ್ಪರ್ ಅವರಿಗೆಲ್ಲ ಎಲ್ಲಿ ನಿಂತರೆ ಸಸ್ಪೆನ್ಷನ್ ಚೆನ್ನಾಗಿ ಕಾಣುತ್ತದೆಂದು ತೋರಿಸಿಕೊಟ್ಟ.

ಹನ್ನೊಂದೂಕಾಲಿಗೆ ತಿರುವಿನಲ್ಲಿ ಕಪ್ಪು ಟೇಪಿನ ಬೈಕು ಕಾಣಿಸಿತು. ಹದಿನೇಳು ಕ್ಯಾಮೆರಾ ಒಟ್ಟಿಗೆ ಮಿನುಗಿದವು. ಬೈಕು ನೇರ ಕಾಸ್ಪರ್‌ನ ಮುಂದೆ ಬಂದು ನಿಂತಿತು. ಮೇಲೆ ಕೂತಿದ್ದವಳು ರೋಸ್ವಿತಾ.

ಹತ್ತಿರದಿಂದ ನೋಡಿದಾಗ ಚೌಕಳಿ ಬಟ್ಟೆಯೂ ಗುರುತು ಸಿಕ್ಕಿತು. ಅದು ಅವರ ಅಡುಗೆಮನೆಯ ಹಳೆಯ ಪರದೆ. ಹನ್ನೊಂದು ವರ್ಷ ಅವನು ಅದರ ಎದುರು ಕೂತು ಕಾಫಿ ಕುಡಿದಿದ್ದ. ರೋಸ್ವಿತಾ ಉಗುರಿನಿಂದ ಟೇಪಿನ ತುದಿ ಎಬ್ಬಿಸಿ ಒಂದು ಗೇಣು ಕಿತ್ತಳು. ಅಡಿಯಲ್ಲಿ ಉದ್ದನೆಯ ಗೀರು. ಐದು ವರ್ಷದ ಹಿಂದೆ ಗ್ಯಾರೇಜಿನ ಬಾಗಿಲಿಗೆ ಗುದ್ದಿ ಆ ಗೀರು ಮಾಡಿದವನು ಕಾಸ್ಪರನೇ.

"ಇದು... ನಂದು" ಎಂದ ಅವನು.

"ಆಗಿತ್ತು" ಎಂದಳು ಅವಳು. "ನೀನು ಮಾರಿದ ವಾರ ಆರ್ಮಿನ್ ಹತ್ರ ಮಾತಾಡಿಟ್ಟಿದ್ದೆ. ಎರಡು ವರ್ಷ ಕಾದೆ, ಬುದ್ಧಿ ಬರುತ್ತೇನೋ ಅಂತ. ಈ ವರ್ಷ ಮೇ ತಿಂಗಳಲ್ಲಿ ತಗೊಂಡು, ನಿನಗೆ ಗುರುತು ಸಿಗದಿರಲಿ ಅಂತ ಟೇಪು ಸುತ್ತಿ ಡೈರಿಯಲ್ಲಿ ಇಟ್ಕೊಂಡೆ. ಮನೆಗೆ ತಂದ್ರೆ, ಇದನ್ನ ಯಾಕೆ ತಗೋಬಾರದಿತ್ತು ಅಂತ ನೀನು ಚಳಿಗಾಲ ಪೂರ್ತಿ ಹೇಳ್ತಿದ್ದೆ."

ಟ್ರಾವೆಲ್ ನೂರೈವತ್ತೇ. ಫೋಟೋ ತೆಗೆದ ದಿನ ಗಾಳಿ ಕಡಿಮೆಯಾಗಿ ಚಕ್ರ ಕುಗ್ಗಿತ್ತು. ಚಕ್ರವನ್ನು ಅಳತೆಗೋಲು ಮಾಡಿಕೊಂಡವನಿಗೆ ಉಳಿದದ್ದೆಲ್ಲ ಹಿಗ್ಗಿ ಕಂಡಿತ್ತು.

ಹಾಲೆಂಡಿನವರು ಕ್ಯಾಮೆರಾ ಮುಚ್ಚಿ ಚೀಲಕ್ಕೆ ಹಾಕಿಕೊಂಡರು. ರೋಸ್ವಿತಾ ಒಂದು ಬಾಣಲೆ ಹಿಟ್ಟಿನುಂಡೆಗೆ ಹೇಳಿ, ಜಗಲಿಯ ಬೆಂಚಿನಲ್ಲಿ ಪಕ್ಕದ ಜಾಗ ಕೈಯಿಂದ ಒರೆಸಿ, ಎರಡು ಮುಳ್ಳುಚಮಚ ಇಟ್ಟಳು. ಕಾಸ್ಪರ್ ಕೂತ. ಕಾಲ್ನಡಿಗೆಯಲ್ಲಿ ಬಂದದ್ದು ಲೆಕ್ಕಕ್ಕೆ ಬರುತ್ತದೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ನನಗೋಸ್ಕರ ಬಂದಿದ್ರೆ ಬರ್ತಿತ್ತು" ಎಂದಳು.

ಸೋಮವಾರ ಬಾಗಿಲು ತೆರೆಯುವ ಹೊತ್ತಿಗೇ ಅವನು ಆರ್ಮಿನ್‌ನ ಅಂಗಡಿಯಲ್ಲಿದ್ದ. ಯಾವ ಬೈಕಾದರೂ ಸರಿ, ಯಾವ ಟ್ರಾವೆಲ್ ಆದರೂ ಸರಿ, ಈ ಭಾನುವಾರದೊಳಗೆ ಬೇಕು, ಹೆಂಡತಿಯ ಜೊತೆ ಇನ್ನೊಮ್ಮೆ ಬೆಟ್ಟಕ್ಕೆ ಹೋಗಬೇಕು ಎಂದ. ಅಂಗಡಿ ಖಾಲಿ ಹೊಡೆಯುತ್ತಿತ್ತು.

"ಒಂದೂ ಇಲ್ಲ ಮಾರಾಯ" ಎಂದ ಆರ್ಮಿನ್. "ನಿನ್ನ ಲೇಖನ ಓದಿದ್ಮೇಲೆ ಯಾರಿಗೂ ಇದ್ದದ್ದು ಬೇಡ, ಎಲ್ರಿಗೂ ನೂರ ಅರವತ್ತಮೂರೇ ಬೇಕು. ಇದ್ದ ಸ್ಟಾಕೆಲ್ಲ ವಾಪಸ್ ಕಳಿಸ್ಬಿಟ್ಟೆ."

ಅದು ತನ್ನದೇ ತಪ್ಪೆಂದು ನಿನ್ನೆ ರಾತ್ರಿಯೇ ವೇದಿಕೆಯಲ್ಲಿ ಬರೆದಿದ್ದೇನೆ ಎಂದ ಕಾಸ್ಪರ್. ಅದನ್ನು ಯಾರೂ ನಂಬಿರಲಿಲ್ಲ. ಕಂಪನಿಯವರು ಅವನ ಬಾಯಿ ಮುಚ್ಚಿಸಿದ್ದಾರೆ ಎಂದು ನಾಲ್ಕು ಸಾವಿರ ಜನ ತೀರ್ಮಾನಿಸಿದ್ದರು.

"ಮುಂದಿನ ಸ್ಟಾಕು ಯಾವಾಗ?"

"ವಸಂತಕ್ಕೆ ಅಂತ ಸುದ್ದಿ" ಎಂದ ಆರ್ಮಿನ್.

ಮನೆಗೆ ಬಂದು ಇದನ್ನು ಹೇಳಿದಾಗ ರೋಸ್ವಿತಾ ನಗಲಿಲ್ಲ. ಗೋಡೆಯ ಮೊಳೆಯಿಂದ ಶೆಡ್ಡಿನ ಬೀಗದ ಕೈ ತೆಗೆದು ಅವನ ಮುಂದಿಟ್ಟಳು.

"ನನ್ನ ಹಳೇ ಸೈಕಲ್ ಇದೆ, ತಗೋ. ಮೋಟಾರ್ ಇಲ್ಲ, ಟ್ರಾವೆಲ್ ಸೊನ್ನೆ. ನಿನಗೆ ಅಳೆಯೋ ಕಷ್ಟನೂ ಇಲ್ಲ."