‘ಹೋಗ್ತೀನಿ’ ಅನ್ನದ ಮಾವ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಸಾವನದುರ್ಗದ ಬುಡದಲ್ಲಿ ನಡೆದ ಒಂದು ಶೂಟಿಂಗ್ ನನಗೆ ಕಣ್ಣಿಗೆ ಕಟ್ಟಿದಂತಿದೆ. ನಾನಾಗ ಹುಟ್ಟೇ ಇರಲಿಲ್ಲ ಎನ್ನುತ್ತಾರೆ ಅಮ್ಮ. ಆದರೆ ಒಂದು ವಿಷಯದಲ್ಲಿ ಅನುಮಾನವೇ ಬೇಡ. ನನ್ನ ಸೋದರಮಾವ ಸತ್ತಷ್ಟು ಸಲ ಮಾಗಡಿ ತಾಲ್ಲೂಕಿನಲ್ಲಿ ಇನ್ನು ಯಾರೂ ಸತ್ತಿಲ್ಲ!

ನಾಟಕದಲ್ಲಿ ಗದೆಯ ಏಟಿಗೆ ಸತ್ತರು. ಸಿನಿಮಾದಲ್ಲಿ ಗುಂಡಿಗೆ, ಹಾವಿಗೆ, ಕ್ಷಯಕ್ಕೆ, ಒಂದು ಸಲ ಎಮ್ಮೆಗೂ ಸಿಕ್ಕಿ ಸತ್ತರು. ಪ್ರತಿ ಸಲವೂ ಜನ ಅತ್ತರು. ಎಮ್ಮೆಯ ಸಲವೂ! ನಟ ಅಂದರೆ ಇನ್ನೇನು?

ಇಷ್ಟೆಲ್ಲ ಸತ್ತ ಮನುಷ್ಯನಿಗೆ ಭಯ ಒಂದೇ ಒಂದು ಪದಕ್ಕೆ: ‘ಹೋಗ್ತೀನಿ’. ಹೊರಡುವವರು ‘ಬತ್ತೀನಿ’ ಅನ್ನಬೇಕು ಅಂತ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹೇಳುತ್ತಾರೆ, ನಿಜ. ಮಾವ ಮಾತ್ರ ಬಾಯ್ತಪ್ಪಿದವರನ್ನು ಹೊಸ್ತಿಲಿಂದ ವಾಪಸ್ ಕರೆದು, ಕೂರಿಸಿ, ಇನ್ನೊಂದು ಲೋಟ ಕಾಫಿ ಕುಡಿಸಿ, ಮೊದಲಿನಿಂದ ಹೊರಡಿಸುತ್ತಿದ್ದರು.

“ಬಾಗ್ಲಲ್ಲಿ ಏನನ್ಬೇಕು?”

“ಬತ್ತೀನಿ ಅನ್ಬೇಕು ಮಾವ.”

“ಹಾಂ. ಈಗ ನಡಿ.”

ಮಾಗಡಿಗೆ ರೈಲಿಲ್ಲ, ಈ ಕಾಫಿಯಿಂದಾಗಿ ಇರುವ ಬಸ್ಸನ್ನೂ ತಪ್ಪಿಸಿಕೊಂಡವರು ಎಷ್ಟು ಜನವೋ! ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಅವರ ಜೀವದ ಗೆಳೆಯನಿಗೆ ಫೋನಿನಲ್ಲೂ ಬಿಡುಗಡೆಯಿರಲಿಲ್ಲ.

“ಸರಿ ಕಣ್ಲಾ, ಇಡ್ತೀನಿ. ಖುದಾ ಹಾಫಿಜ್.”

“ಇಡ್ತೀನಿ ಅಂದ್ರೇನ್ಲಾ? ಬತ್ತೀನಿ ಅನ್ನು.”

“ಫೋನಾಗೆ ಎಲ್ಲಿಗ್ ಬರ್ಲಿ ಕಣ್ಲಾ?”

“ಬರ್ದಿದ್ರೆ ಬುಡು, ಅನ್ನು!”

ಮಾವನ ಗಂಟಲಿನ ವಿಷಯ ಹೇಳದಿದ್ದರೆ ಪಾಪ ಬರುತ್ತದೆ. ಕನಕಪುರದ ಹತ್ತಿರ ಒಂದು ನಾಟಕದಲ್ಲಿ ಮೈಕು ಕೈಕೊಟ್ಟಿತು. ಮಾವ ಬರಿಗಂಟಲಲ್ಲಿ ಎತ್ತಿದ ಪದ್ಯಕ್ಕೆ ಕೆರೆಯಾಚೆ ಮಲಗಿದ್ದ ಕುರಿಗಳೆಲ್ಲ ಎದ್ದು ನಿಂತವಂತೆ. (ಕುರಿಗಳನ್ನು ನಾನೇ ಸೇರಿಸಿದೆನೋ ಏನೋ.) ಆ ದಿನವೇ, ರಾಜನಾಗಿ ತೊಡೆ ಮುರಿದುಕೊಂಡು ಬಿದ್ದವರು ಪದ್ಯದ ಮೇಲೆ ಪದ್ಯ ಹಾಡುತ್ತ ಸಾಯುತ್ತಲೇ ಇದ್ದಾಗ, ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮಜ್ಜಿಗೆ, ಅಂದರೆ ಅವರ ಹೆತ್ತಮ್ಮನಿಗೆ, ತಡೆಯಲಾಗಲಿಲ್ಲ.

“ಸಾಕು ಏಳ್ಲಾ ಮಗ, ನೆಲ ತಣ್ಣಗೈತೆ!”

ಅರ್ಧ ಸತ್ತ ರಾಜ ತಲೆಯೆತ್ತಿ, “ಒಸಿ ತಡಿಯವ್ವ, ಇನ್ನೊಂದು ಪದ್ಯ ಐತೆ,” ಅಂದು ಮತ್ತೆ ಬಿದ್ದ. ನಕ್ಕ ಜನವನ್ನೇ ಆ ಇನ್ನೊಂದು ಪದ್ಯದಲ್ಲಿ ಅಳಿಸಿದರಲ್ಲ, ಅದನ್ನು ಹೇಗೆ ಮಾಡಿದರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇನ್ನು ನಾನು ಹುಟ್ಟದೆಯೇ ನೋಡಿದ ಆ ಶೂಟಿಂಗ್. ಗುಂಡೇಟು ತಿಂದ ಮಗ ತಾಯಿಯ ಮಡಿಲಲ್ಲಿ ಸಾಯಬೇಕು. ಸಂಭಾಷಣೆ: “ಅಮ್ಮಾ, ನಾನು ಹೋಗ್ತೀನಿ.” ಮಾವ ಎದ್ದು ಕೂತರು.

“ನನ್ ಬಾಯಲ್ಲಿ ಆ ಪದ ಬರಾಕಿಲ್ಲ ಸ್ವಾಮಿ.”

ನಿರ್ದೇಶಕರು ಕೈಮುಗಿದರು. “ನೀವು ಸಾಯ್ತಾ ಇದೀರಿ ಸಾರ್! ಸತ್ತವರು ವಾಪಸ್ ಬರ್ತಾರಾ?”

“ಬರೋದು ಬುಡೋದು ಆಮೇಲೆ. ಹೆತ್ತವ್ವನ್ ಮುಂದೆ ಹಂಗನ್ನಾಕಾಯ್ತದಾ?”

ಬೆಟ್ಟದ ನೆರಳು ಕ್ಯಾಮೆರಾದವರೆಗೂ ಬಂತು. ಬೆಳಕು ಹೋಗುವ ಹೆದರಿಕೆಗೆ ನಿರ್ದೇಶಕರು ಸೋತರು. ಮಾವ ಮಡಿಲಲ್ಲಿ ತಲೆಯಿಟ್ಟು, ಉಸಿರಿಗಿಂತ ಮೆಲ್ಲಗೆ, “ಬತ್ತೀನಿ ಕಣವ್ವ,” ಅಂದು ಕಣ್ಣು ಮುಚ್ಚಿದರು. ಆ ಮಾತೇ ಅವರನ್ನು ದೊಡ್ಡ ನಟನನ್ನಾಗಿ ಮಾಡಿತು. ರಾಮನಗರದ ಟಾಕೀಸಿನಲ್ಲಿ ರೇಷ್ಮೆ ನೂಲು ಬಿಚ್ಚುವ ಗಂಡಸರೆಲ್ಲ ಬಿಕ್ಕಿ ಬಿಕ್ಕಿ ಅತ್ತರಂತೆ. ಅಳದವರು ಅಜ್ಜಿಯೊಬ್ಬರೇ. “ಬತ್ತೀನಿ ಅಂದವ್ನಲ್ವಾ! ಎರಡ್ನೇ ಭಾಗ ಯಾವಾಗ್ಲಾ?”

ಹೋದ ವರ್ಷ ಆ ಗಂಟಲಲ್ಲೇ ಗಂಟು ಕಾಣಿಸಿತು. ಆಪರೇಷನ್ ದಿನ ನರ್ಸ್ ಗಾಲಿಮಂಚ ಹಿಡಿದು, “ಥಿಯೇಟರಿಗೆ ಹೋಗೋಣ್ವಾ ತಾತ?” ಅಂದಳು.

“ಥಿಯೇಟರ್ ನಂಗೇನ್ ಹೊಸ್ದಲ್ಲ ಕಣವ್ವ. ಹೋಗಿ ಬರೋಣ ಅನ್ನು.”

ನಾನು ಕೇಳಿದ ಅವರ ಕೊನೆಯ ಮಾತು ಅದು. ಪ್ರಯತ್ನಪಟ್ಟರೆ ದನಿ ಬರಬಹುದು ಎಂದಿದ್ದಾರೆ ಡಾಕ್ಟರು. ಮಾವ ಪ್ರಯತ್ನವನ್ನೇ ಮಾಡುತ್ತಿಲ್ಲ. ಒಡಕು ದನಿ ಆಚೆ ಬಿದ್ದರೆ ಎಂಬ ಅಂಜಿಕೆ ಎನ್ನುತ್ತಾರೆ ಅತ್ತೆ. ಜಗುಲಿಯಲ್ಲಿ ಸುಮ್ಮನೆ ಕೂತಿರುತ್ತಾರೆ. ಬಂದವರೆಲ್ಲ ಹೇಳಿಸಿಕೊಳ್ಳದೆಯೇ ‘ಬತ್ತೀನಿ’ ಅಂದು ಹೋಗುತ್ತಾರೆ.

ಹೋದ ಭಾನುವಾರ ಬ್ಯಾಗು ಹೆಗಲಿಗೇರಿಸಿ ಹೊಸ್ತಿಲಲ್ಲಿ ನಿಂತೆ. ಬೇಕೆಂದೇ, ಜೋರಾಗಿ ಅಂದೆ: “ಹೋಗ್ತೀನಿ ಮಾವ.”

ಒಳಗೆ ಅತ್ತೆಯ ಕೈಯಿಂದ ಲೋಟ ಜಾರಿತು. ಮಾವ ತಟ್ಟನೆ ತಿರುಗಿದರು. ಕಣ್ಣಿನಲ್ಲಿ ಅದೇ ರಾಜನ ಸಿಟ್ಟು. ತುಟಿ ಎರಡೂ ಕೂಡಿದವು. ‘ಬ’ ಅನ್ನಲು ತುಟಿ ಕೂಡಲೇಬೇಕಲ್ಲ. ಅಥವಾ ನನಗೆ ಬೇಕಾದ್ದನ್ನು ನಾನು ಕಂಡೆನೋ, ಗೊತ್ತಿಲ್ಲ. ಬಸ್ಸು ಹೋದರೆ ಹೋಗಲಿ ಅಂದುಕೊಂಡು ಬ್ಯಾಗು ಇಳಿಸಿ ಅವರ ಮುಂದೆ ಕೂತು ಕೇಳಿದೆ:

“ಬಾಗ್ಲಲ್ಲಿ ಏನನ್ಬೇಕು ಮಾವ?”