ನಾಲಿಗೆಗೆ ಅಂಟಿದ ಪಳೆಯುಳಿಕೆ

ಈ ಸಲ ಗೆಲ್ಲದಿದ್ದರೆ ನನ್ನ ಹೆಸರು ಶೌಕತ್ ಅಲ್ಲ ಎಂದು ಭಾನುವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಘೋಷಿಸಿದೆ! ಬಾಯಲ್ಲಿ ಪೇಸ್ಟಿನ ನೊರೆ ಇದ್ದುದರಿಂದ ಘೋಷಣೆ ಸ್ಪಷ್ಟವಾಗಲಿಲ್ಲ, ಆದರೆ ಮನಸ್ಸು ಸ್ಪಷ್ಟವಾಗಿತ್ತು. ಅಂದು ಮಧ್ಯಾಹ್ನ ನಮ್ಮ ಮನೆಯಲ್ಲೇ ಪಳೆಯುಳಿಕೆ ಬಳಗದ ವಾರ್ಷಿಕ ಸಭೆ.

ಬಳಗವೆಂದರೆ ದೊಡ್ಡ ಸೈನ್ಯವೇನಲ್ಲ. ಮಂಚಿಕೇರಿಯ ಕೃಷಿಕ ಮನೋಹರ, ಸಿದ್ದಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ತನುಜಕ್ಕ, ಮತ್ತು ಶಿರಸಿಯಲ್ಲಿ ಗೂಡ್ಸ್ ಟೆಂಪೋ ಓಡಿಸುವ ನಾನು. ಹಳ್ಳ, ಕ್ವಾರಿ, ಮನೆ ಕಟ್ಟುವವರು ಬಿಸಾಡಿದ ಚೂರು, ಎಲ್ಲಿ ಕಲ್ಲು ಕಂಡರೂ ಕುಕ್ಕರುಗಾಲಲ್ಲಿ ಕೂತು ಕೆದಕುತ್ತೇವೆ. ಅದರೊಳಗೆ ಕೋಟಿ ವರ್ಷಗಳ ಹಿಂದೆ ಸತ್ತ ಜೀವಿ ಏನಾದರೂ ಕಲ್ಲಾಗಿ ಕೂತಿದೆಯೇ ಎಂದು ನೋಡುತ್ತೇವೆ. ವರ್ಷಕ್ಕೊಮ್ಮೆ ಸೇರಿ, ಸಿಕ್ಕಿದ್ದರಲ್ಲಿ ಒಳ್ಳೆಯದನ್ನು ಒಬ್ಬರಿಗೊಬ್ಬರು ತೋರಿಸಿ ಬೀಗುತ್ತೇವೆ. ಬೀಗುವವರು ಅವರಿಬ್ಬರು. ನಾನು ತಂದದ್ದನ್ನೆಲ್ಲ ಮನೋಹರ ಒಮ್ಮೆ ತಿರುಗಿಸಿ ನೋಡಿ, "ಜಲ್ಲಿ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಅಂಗಳಕ್ಕೆ ಎಸೆಯುತ್ತಾನೆ. ನಮ್ಮ ಅಂಗಳದಲ್ಲಿ ಈಗ ಕೆಸರಿಲ್ಲ.

ನಮ್ಮ ಪರೀಕ್ಷೆಯ ಕ್ರಮವನ್ನೂ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರಿಂದಲೇ ಆದದ್ದು. ಅನುಮಾನದ ಚೂರನ್ನು ನಾಲಿಗೆಗೆ ತಾಗಿಸುವುದು! ಹಳೆಯ ಮೂಳೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಅದು ಒದ್ದೆ ನಾಲಿಗೆಗೆ ಅಂಟಿಕೊಳ್ಳುತ್ತದೆ. ಬರೀ ಕಲ್ಲಾದರೆ ಜಾರಿ ಬೀಳುತ್ತದೆ. ನಾನು ನೆಕ್ಕಿದ ಕಲ್ಲುಗಳು ಲೆಕ್ಕವಿಲ್ಲದಷ್ಟು. ಅಂಟಿದ್ದು ಒಂದೂ ಇಲ್ಲ.

ಈ ನಡುವೆ ನನ್ನ ಹೆಂಡತಿ ಯಾಸ್ಮೀನಳಿಗೆ ಪಕ್ಕೆ ನೋವು ಶುರುವಾಗಿತ್ತು. ನನ್ನ ತಂಗಿ ಮುನ್ನಿಯನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ ಬಂದಳು. ನಾನು ಕಿಟಕಿಯ ಬಳಿ ಭೂತಗನ್ನಡಿ ಹಿಡಿದು ಎಕ್ಕಂಬಿ ಹಳ್ಳದ ಮರಳು ಆರಿಸುತ್ತಿದ್ದೆ.

"ಕಿಡ್ನಿಯಲ್ಲಿ ಎರಡು ಕಲ್ಲಿವೆಯಂತೆ. ಒಂದು ತಾನಾಗಿ ಬೀಳಬಹುದಂತೆ. ಬಿದ್ದರೆ ಹಿಡಿದಿಟ್ಟು ತರಬೇಕಂತೆ, ಪರೀಕ್ಷೆ ಮಾಡಿಸಿ ಇನ್ನೊಂದಕ್ಕೆ ಔಷಧ ಕೊಡ್ತಾರಂತೆ" ಎಂದಳು.

"ಆಗಲಿ ಆಗಲಿ. ಬೆಳಕಿಗೆ ಅಡ್ಡ ನಿಲ್ಲಬೇಡ" ಎಂದೆ.

ಅವಳು ಇದನ್ನು ಹೇಳಿದ್ದು ಉರ್ದುವಿನಲ್ಲಿ. ನಮ್ಮ ಮನೆಯ ಮಾತು ಉರ್ದು. ಸಿಟ್ಟು ಬಂದಾಗ ಮಾತ್ರ ಅವಳು ತವರಿನ ಹಾವೇರಿ ಕನ್ನಡಕ್ಕೆ ಇಳಿಯುತ್ತಾಳೆ, ಅಕ್ಕಪಕ್ಕದವರಿಗೂ ಅರ್ಥವಾಗಲಿ ಎಂದು. ಅಂದು ಉರ್ದುವಿನಲ್ಲೇ ಹೇಳಿದ್ದರಿಂದ ದೊಡ್ಡ ವಿಷಯವಲ್ಲ ಎಂದುಕೊಂಡೆ.

ಸರಿ, ಭಾನುವಾರಕ್ಕೆ ಬರೋಣ. ಮುಖ ತೊಳೆದು ಕಿಟಕಿಯ ಮೇಲೆ ಸಾಲಾಗಿಟ್ಟ ನನ್ನ ಬಾಟಲಿಗಳನ್ನು ಪರಿಶೀಲಿಸಿದೆ. ಎಲ್ಲದರಲ್ಲೂ ಜಲ್ಲಿಯ ಕಳೆ. ಆದರೆ ತುದಿಯಲ್ಲೊಂದು ಮಾತ್ರೆಯ ಬಾಟಲಿ, ಒಳಗೆ ಹತ್ತಿ, ಹತ್ತಿಯ ಮೇಲೆ ಮೆಣಸಿನ ಕಾಳಿನಷ್ಟು ಕಂದು ಬಣ್ಣದ ಚೂರು! ಭೂತಗನ್ನಡಿಯಲ್ಲಿ ನೋಡಿದರೆ ಮೈತುಂಬ ಮೊನಚು ಮೊನಚು. ಇದನ್ನು ಯಾವಾಗ ಹೆಕ್ಕಿಟ್ಟೆನೋ ನೆನಪಾಗಲಿಲ್ಲ. ನೆನಪು ಯಾಕೆ ಬೇಕು? ಈ ಮನೆಯಲ್ಲಿ ಬಾಟಲಿಯಲ್ಲಿ ಕಲ್ಲಿಡುವವನು ನಾನಲ್ಲದೆ ಇನ್ಯಾರು!

ಮಧ್ಯಾಹ್ನ ಇಬ್ಬರೂ ಬಂದರು. ಯಾಸ್ಮೀನ್ ಒಳಕೋಣೆಯಲ್ಲಿ ಮಲಗಿದ್ದಳು. ಹುಬ್ಬಳ್ಳಿಯ ಕಿಡ್ನಿ ಡಾಕ್ಟರು ತಿಂಗಳಿಗೊಮ್ಮೆ ಶಿರಸಿಗೆ ಬರುತ್ತಾರೆ, ಅಂದು ಸಂಜೆ ಅವರಲ್ಲಿಗೆ ಹೋಗುವುದಿತ್ತು. ಸಭೆ ಮುಗಿಸಿ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಮನೋಹರ ಸುಣ್ಣಕಲ್ಲಿನ ಮೇಲೆ ಮೂಡಿದ ಎಲೆಯ ಅಚ್ಚು ತೋರಿಸಿದ. ನರನರವೂ ಕಾಣುತ್ತಿತ್ತು. ತನುಜಕ್ಕ ಪಕ್ಕದ ಅಂಗಡಿಯ ಮೆಟ್ಟಿಲಿಗೆ ತರಿಸಿದ ರಾಜಸ್ಥಾನದ ಹಳದಿ ಕಲ್ಲಿನ ಚೂರು ತೆಗೆದರು. ಅದರಲ್ಲಿ ಶಂಖದ ಸುರುಳಿ! "ಗಾರೆಯವ ಒಡೆದು ಎಸೆದಿದ್ದ. ಕಾಜ ಹೊಲಿಯೋದು ಬಿಟ್ಟು ಓಡಿದೆ ನೋಡಿ" ಎಂದು ನಕ್ಕರು.

"ನಿಂದೆಂತ ಶೌಕತಣ್ಣ? ಜಲ್ಲಿಯಾ?" ಎಂದ ಮನೋಹರ.

ನಾನು ಮಾತ್ರೆಯ ಬಾಟಲಿ ಬಿಚ್ಚಿದೆ. ಮನೋಹರ ಚೂರನ್ನು ಬೆರಳ ತುದಿಯಲ್ಲೆತ್ತಿ ಕಣ್ಣು ಮುಚ್ಚಿ ನಾಲಿಗೆಗೆ ತಾಗಿಸಿದ. ಅದು ಬೀಳಲಿಲ್ಲ!

"ಹಿಡ್ಕಂತು ಮಾರಾಯ! ಬಿಡ್ತಾನೇ ಇಲ್ಲ!"

ತನುಜಕ್ಕ ಕಸಿದುಕೊಂಡು ತಾವೂ ತಾಗಿಸಿದರು. ಅಂಟಿತು! "ಅಯ್ಯೋ ದೇವರೇ, ಯಾವುದೋ ಪ್ರಾಣಿಯ ಹಲ್ಲು! ಎಲ್ಲಿ ಸಿಕ್ತು?"

"ಎಕ್ಕಂಬಿ ಹಳ್ಳ. ನೀರಿನಡಿ ಒಂದಾಳು ಆಳದಲ್ಲಿ" ಎಂದೆ. ಸುಳ್ಳಿಗೆ ಆಳ ಬೇಕಲ್ಲ!

"ನಾಳೆಯೇ ಹಳ್ಳ ಅಗೆಯುವ. ಹಲ್ಲಿದ್ದಲ್ಲಿ ದವಡೆ ಇರ್ಬೇಕು" ಎಂದ ಮನೋಹರ. ಮೊದಲ ಸಲ ಅವನು ನನ್ನ ಬೆನ್ನು ತಟ್ಟಿದ. ನನ್ನ ಕಣ್ಣು ತುಂಬಿ ಬಂತು. ಈಗ ನನ್ನ ಸರದಿ. ಗಂಭೀರವಾಗಿ ಕೂತು, ಚೂರನ್ನು ನಾಲಿಗೆಯ ಮೇಲಿಟ್ಟು, ಕೋಟಿ ವರ್ಷಗಳ ರುಚಿ ನೋಡತೊಡಗಿದೆ.

ಒಳಬಾಗಿಲಲ್ಲಿ ಯಾಸ್ಮೀನ್ ಬಂದು ನಿಂತಳು. ಬುರ್ಖಾ ಹಾಕಿ ಹೊರಟಿದ್ದಳು, ಒಂದು ಕೈ ಪಕ್ಕೆಯ ಮೇಲಿತ್ತು.

"ನನ್ನ ಬಾಟ್ಲಿ ಎಲ್ಲಿ ಐತ್ರಿ? ಕಿಟಕಿದಾಗ ಇಟ್ಟಿದ್ದೆ."

ಕನ್ನಡ! ನಾಲಿಗೆ ಅಲುಗಾಡಿಸುವಂತಿರಲಿಲ್ಲ. "ಊಂ?" ಎಂದೆ.

"ಮೊನ್ನೆ ಬಿತ್ತಲ್ಲ, ಕಿಡ್ನಿ ಕಲ್ಲು. ಡಾಕ್ಟ್ರಿಗೆ ತೋರಸಬೇಕು."

ಗುಳುಂ!

ಮನೋಹರ ಇನ್ನೊಮ್ಮೆ ತಾಗಿಸಲೆಂದು ಚಾಚಿದ್ದ ನಾಲಿಗೆಯನ್ನು ಮೆಲ್ಲಗೆ ಒಳಗೆಳೆದುಕೊಂಡ. ತನುಜಕ್ಕ ನೀರಿನ ಚೊಂಬು ಎತ್ತಿಕೊಂಡು ಹಿತ್ತಲಿಗೆ ಓಡಿದರು. ಮನೋಹರ, "ಎಕ್ಕಂಬಿ ಹಳ್ಳದ್ದು ಅಂದ್ಯಲ್ಲ ಶೌಕತಣ್ಣ?" ಎಂದ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು.

"ಎಲ್ಲೈತಿ ಅದು?" ಎಂದಳು ಯಾಸ್ಮೀನ್.

ನಾನು ಬೆರಳಿನಿಂದ ಗಂಟಲನ್ನು ತೋರಿಸಿದೆ. ಆಮೇಲೆ ಸ್ವಲ್ಪ ಕೆಳಗೆ ತೋರಿಸಿದೆ.

"ನನ್ನ ಕಲ್ಲುಗಳ ಜೊತೆ ಯಾಕಿಟ್ಟೆ?" ಎಂದು ಡಾಕ್ಟರಲ್ಲಿಗೆ ಹೋಗುವಾಗ ಟೆಂಪೋದಲ್ಲಿ ಕೇಳುವ ಧೈರ್ಯವನ್ನೂ ಮಾಡಿದೆ. "ಮನ್ಯಾಗ ಬ್ಯಾರೆ ಜಾಗ ಎಲ್ಲಿ ಬಿಟ್ಟೀರಿ?" ಎಂದಳು. ಅಡುಗೆಮನೆ, ಕಪಾಟು, ಫ್ರಿಜ್ಜಿನ ತಲೆ ಎಲ್ಲ ಕಡೆ ಕಲ್ಲಿಟ್ಟವನು ನಾನೇ. ದಾರಿಯ ಪ್ರತಿ ಗುಂಡಿಗೂ ಅವಳು ಸೀಟು ಬಿಗಿಹಿಡಿಯುತ್ತಿದ್ದಳು. ಅಷ್ಟು ನೋವಿದೆ ಎಂದು ನನಗೆ ತಿಳಿದದ್ದು ಆಗಲೇ.

ಡಾಕ್ಟರು ನನ್ನ ಕಥೆಯನ್ನು ಒಮ್ಮೆಯೂ ನಗದೆ ಕೇಳಿದರು. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿಮಗೇನೂ ಆಗೋದಿಲ್ಲ. ಆದರೆ ಅದು ಇನ್ನು ಪರೀಕ್ಷೆಗೆ ಬರೋದಿಲ್ಲ. ಇನ್ನೊಂದು ಒಳಗಿದೆಯಲ್ಲ, ಅದು ಬೀಳೋವರೆಗೆ ಇವರು ಕಾಯಬೇಕು. ನೋವು ಇದ್ದೇ ಇರ್ತದೆ" ಎಂದರು.

ಯಾಸ್ಮೀನ್ ತಲೆ ತಗ್ಗಿಸಿದಳು. ಅಷ್ಟು ಸಂಕಟಪಟ್ಟು ಅವಳು ಹೊರತೆಗೆದದ್ದನ್ನು ನಾನು ಒಂದೇ ಗುಟುಕಿಗೆ ನುಂಗಿಬಿಟ್ಟಿದ್ದೆ. ನನಗೆ ನಿಜಕ್ಕೂ ಅಳು ಬಂತು.

ಡಾಕ್ಟರು ಪೆನ್ನು ತೆಗೆದು ನನ್ನತ್ತ ತಿರುಗಿದರು. "ಇವರಿಗೆ ನೋವು ಯಾವಾಗಿಂದ? ಎಡಕ್ಕೋ ಬಲಕ್ಕೋ? ರಾತ್ರಿ ನಿದ್ದೆ ಬರ್ತದಾ?"

ಬಾಯಿ ತೆರೆದೆ. ಎಡವೋ ಬಲವೋ!

"ಅವರನ್ನ ಕೇಳಬ್ಯಾಡ್ರಿ ಡಾಕ್ಟ್ರೇ" ಎಂದಳು ಯಾಸ್ಮೀನ್. "ಅವರಿಗೆ ಕೋಟಿ ವರ್ಷದ ಹಿಂದಿಂದು ಅಷ್ಟೇ ಗೊತ್ತಿರ್ತೈತಿ. ಈ ತಿಂಗಳಿಂದು ನಾ ಹೇಳ್ತೀನಿ, ಬರಕೊಳ್ರಿ."